ಕೂತಲ್ಲಿಂದಲೇ ಹಾಯಿ ಕುಗ್ಗಿಸಿದ್ದು

ಅಕ್ಕತಂಗಿಯರಿಬ್ಬರಲ್ಲಿ ದರ್ಜಿ ಕೆಲಸದ ತಂಗಿಗೆ ಗಾಳಿಯ ಸದ್ದು ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತಿತ್ತು. ಅಂಗಡಿಯ ಕಿಟಕಿ ಪಟ್ಟೆಂದು ಬಡಿದುಕೊಂಡರೆ ಹೊಲಿಗೆ ಯಂತ್ರದ ಚಕ್ರದ ಮೇಲಿದ್ದ ಕೈ ಅಲ್ಲೇ ನಿಂತುಬಿಡುತ್ತಿತ್ತು. ಇದು ಶುರುವಾಗಿ ಒಂದು ತಿಂಗಳಾಗಿತ್ತು.

ಅಪ್ಪನ ಕಾಲದ ಪುಟ್ಟ ಹಾಯಿದೋಣಿಯನ್ನು ಅಕ್ಕತಂಗಿಯರು ಹದಿನೆಂಟು ವರ್ಷ ಜೊತೆಯಾಗಿ ನಡೆಸಿದ್ದರು. ಗಾಳಿ ಜೋರಾದರೆ ಅಕ್ಕ ಕಂಬದ ಬುಡಕ್ಕೆ ಹೋಗಿ, ಹಾಯಿಯನ್ನು ಅರ್ಧ ಇಳಿಸಿ ಮಡಚಿ ಕಟ್ಟುವಳು. ತಂಗಿ ಚುಕ್ಕಾಣಿ ಹಿಡಿದಿರುವಳು. ಅಕ್ಕನ ಕಣ್ಣು ಮಂಜಾದ ಮೇಲೆ ತಂಗಿ ಒಬ್ಬಳೇ ಹೋಗತೊಡಗಿದಳು. ಒಂದು ದಿನ ಗಾಳಿ ಎದ್ದಿತು. ಅವಳು ಚುಕ್ಕಾಣಿ ಬಿಟ್ಟು ಕಂಬದತ್ತ ತೆವಳಿದ್ದೇ ತಡ, ದೋಣಿ ಗಿರಕ್ಕನೆ ತಿರುಗಿ, ಹಾಯಿಯ ಅಡಿಯ ಅಡ್ಡಮರ ಬೀಸಿಬಂದು ಭುಜಕ್ಕೆ ಬಡಿಯಿತು. ಸೊಂಟದವರೆಗೆ ನೀರಲ್ಲಿ, ಒಂದೇ ಕೈಯಲ್ಲಿ ಅಂಚು ಹಿಡಿದು ನೇತಾಡಿದಳು. ಹೇಗೆ ಮೇಲೆ ಹತ್ತಿದಳೋ ಅವಳಿಗೇ ನೆನಪಿಲ್ಲ.

"ಮಾರಿಬಿಡೋಣ ಕಣೇ," ಎಂದಳು ಅಕ್ಕ, ನೀಲಿಗಟ್ಟಿದ ಭುಜಕ್ಕೆ ಮುಲಾಮು ಹಚ್ಚುತ್ತ. "ನಿನ್ನ ಜೀವಕ್ಕಿಂತ ಅದು ಹೆಚ್ಚಾ?"

"ಮಾರಿದ್ರೆ ಭಯ ಹೋಗುತ್ತಾ ಅಕ್ಕ? ಕಂಬದ ಹತ್ರ ಹೋಗದೆ ಕೂತಲ್ಲಿಂದ್ಲೇ ಹಾಯಿ ಕುಗ್ಗೋ ಹಾಗೆ ಮಾಡ್ತೀನಿ, ನೋಡು."

ಹಾಯಿಯ ಅರ್ಧ ಎತ್ತರದಲ್ಲಿ ಮುಂದಿನ ಅಂಚಿಗೊಂದು, ಹಿಂದಿನ ಅಂಚಿಗೊಂದು ಹಿತ್ತಾಳೆ ಬಳೆ ಹೊಲಿದಳು. ಅವುಗಳಲ್ಲಿ ಹಗ್ಗ ಪೋಣಿಸಿ, ರಾಟೆಗಳ ಮೇಲೆ ಹಾಯಿಸಿ ಚುಕ್ಕಾಣಿಯ ಪಕ್ಕಕ್ಕೆ ತಂದಳು. ಎರಡನ್ನೂ ಎಳೆದರೆ ಬಳೆಗಳು ಅಡ್ಡಮರಕ್ಕೆ ಇಳಿದು ಹಾಯಿ ಅರ್ಧಕ್ಕೆ ಕುಗ್ಗಬೇಕು. ಹಾಯಿ ಎತ್ತುವ ಹಗ್ಗವೂ ಅಲ್ಲಿಗೇ ಬಂತು. ಎಷ್ಟು ಇಳಿಸಬೇಕೆಂದು ತಿಳಿಯಲು ಅದಕ್ಕೆ ಕೆಂಪು ನೂಲು ಸುತ್ತಿದಳು.

"ಏನಮ್ಮಾ, ದೋಣಿಗೆ ಜಡೆ ಹೆಣೀತಾ ಇದ್ದೀರಾ?" ಎಂದು ರಾಟೆ ಕೊಟ್ಟ ದೋಣಿ ಬಡಗಿ ನಕ್ಕ. "ದಡದಲ್ಲೇ ನೂರು ಸಲ ಎಳೆದು ನೋಡಿ."

ನೂರಲ್ಲದಿದ್ದರೂ ಮೂವತ್ತು ಸಲ ಎಳೆದಳು. ಪ್ರತಿ ಸಲವೂ ಬೆಣ್ಣೆಯಂತೆ ಜಾರಿಬಂತು. ಆದರೆ ದಡದಲ್ಲಿ ಗಾಳಿಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟಳು. ಕಲ್ಲಿನ ತಡೆಗೋಡೆ ದಾಟಿ ಅರ್ಧ ಗಂಟೆಯಾಗಿತ್ತು, ದೂರದ ನೀರು ಗಾಳಿಗೆ ಕಪ್ಪಗಾಗಿ ಅವಳತ್ತಲೇ ಓಡಿಬಂತು. ಹಾಯಿಯನ್ನು ಕೆಂಪು ನೂಲಿನವರೆಗೆ ಇಳಿಸಿ ಮುಂದಿನ ಹಗ್ಗ ಎಳೆದಳು, ಬಂತು. ಹಿಂದಿನದು ಒಂದು ಗೇಣು ಬಂದು ಕಚ್ಚಿಕೊಂಡಿತು. ಜಗ್ಗಿದಳು, ಜಪ್ಪಯ್ಯ ಅಂದರೂ ಅಲುಗಲಿಲ್ಲ. ದೋಣಿ ವಾಲಿ ಅಂಚಿನ ಮೇಲಿಂದ ನೀರು ಒಳಗೆ ಸುರಿಯಿತು. ಕಂಬದತ್ತ ಓಡು, ಕೈಯಿಂದಲೇ ಎಳೆ ಎಂದು ಮೈಯೆಲ್ಲ ಕೂಗುತ್ತಿತ್ತು. ಒಂದು ಕಾಲು ಆಗಲೇ ಕೂರುವ ಹಲಗೆ ದಾಟಿತ್ತು.

ಆಗ ಹೊಳೆಯಿತು. ತುಂಬಿದ ಹಾಯಿಯನ್ನು ಯಾವ ಹಗ್ಗ ತಾನೇ ಎಳೆದೀತು? ಅಡ್ಡಮರವನ್ನು ಬಿಗಿಹಿಡಿದ ಹಗ್ಗ ಸಡಿಲಿಸಿ ಮೊದಲು ಗಾಳಿ ಬಿಡಬೇಕಿತ್ತು. ಸಡಿಲಿಸಿದರೆ ತನಗೆ ಬಡಿದ ಅದೇ ಮರವನ್ನು ಕೈಯಾರೆ ಬಿಟ್ಟಂತೆ. ಬೆರಳು ಬಿಡಲೊಲ್ಲದು. ಕಾಲನ್ನು ಒಳಗೆಳೆದುಕೊಂಡು, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಬಿಟ್ಟಳು. ಮರ ಆಚೆಗೆ ಹಾರಿತು. ಹಾಯಿ ಪಟಪಟನೆ ಒದರಿತು. ಹಿಂದಿನ ಹಗ್ಗ ಎಳೆದಳು. ಮೊಳ ಮೊಳವಾಗಿ ಬಂತು. ಕಟ್ಟಿದಳು. ಅಡ್ಡಮರದ ಹಗ್ಗ ಮತ್ತೆ ಬಿಗಿದಾಗ, ಕುಗ್ಗಿದ ಹಾಯಿಯಲ್ಲಿ ದೋಣಿ ನೆಟ್ಟಗಾಯಿತು.

ದಡ ಸೇರಿದ ಮೇಲೂ ಅವಳು ಇಳಿಯಲಿಲ್ಲ. ಕಾದಿದ್ದ ಅಕ್ಕ ತಡವರಿಸುತ್ತ ಒಳಗಿಳಿದು ಪಕ್ಕದಲ್ಲಿ ಕೂತಳು.

"ಹಗ್ಗ ಕೆಲ್ಸ ಮಾಡ್ತಾ?"

"ಮಾಡ್ತು. ಭಯ ಮಾತ್ರ ಹಾಗೇ ಇದೆ."

ಅಕ್ಕ ಅವಳ ಒದ್ದೆ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮುಂದಿನ ವಾರ ಅವಳು ಹೋಗಲಿಲ್ಲ. ಅದರ ಮುಂದಿನ ವಾರ ಹೋದಳು, ದಡ ಬಿಡುವ ಮೊದಲೇ ಹಾಯಿ ಕುಗ್ಗಿಸಿಕೊಂಡು.