ದಿವಾಕರನ ಕೊಡುಗೆಗಳು

ಕಾಂಗೇಯಂ ಊರಾಚೆ ಧಾರಾಪುರಂ ರಸ್ತೆಯಲ್ಲಿದ್ದ ಆ ಎಣ್ಣೆ ಗಿರಣಿಯ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದರು. ಬೈಯುವುದು ಕನ್ನಡದಲ್ಲಿ, ದೇವರನ್ನು ಕರೆಯುವುದೂ ಕನ್ನಡದಲ್ಲಿ. ಅಕ್ಷರ ಮಾತ್ರ ಏಳು ತಲೆಮಾರಿನ ಹಿಂದೆ ವಲಸೆ ಬಂದ ದಾರಿಯಲ್ಲೆಲ್ಲೋ ಉಳಿದುಹೋಗಿತ್ತು. ಶಾಲೆ ತಮಿಳು, ಅಂಗಡಿ ತಮಿಳು, ಬಸ್ಸಿನ ಬೋರ್ಡು ತಮಿಳು. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದ ದ್ರಾಕ್ಷಾಯಣಿಯನ್ನು ಅವಳ ಅಪ್ಪ, ನಮ್ಮ ಜನವೇ, ಕನ್ನಡದ ಮನೆಯೇ ಎಂದು ನಂಬಿ 2006ರಲ್ಲಿ ಇಲ್ಲಿಗೆ ಕೊಟ್ಟರು.

ಮಧ್ಯಾಹ್ನ ಗಂಡ ದಿವಾಕರ್ ಕೊಬ್ಬರಿ ಒಣಗಿಸುವ ಕಳದ ಕಡೆ ಹೋದಾಗ ಆಫೀಸಿನ ಕಂಪ್ಯೂಟರು ಅವಳ ಪಾಲಿಗೆ ಬರುತ್ತಿತ್ತು. ಲಾರಿಗಳ ಬಿಲ್ಲು ಮುಗಿಸಿ ಅವಳು ಅಂತರ್ಜಾಲದ ಕನ್ನಡ ವಿಶ್ವಕೋಶ ತೆರೆಯುತ್ತಿದ್ದಳು. ಅಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಮಡತ್ತುಕುಳಂ ಬಗ್ಗೆ ಬರೆದಳು, ಅಮರಾವತಿ ಹೊಳೆಯ ಬಗ್ಗೆ ಬರೆದಳು, ಮೆಟ್ಟುಪಾಳ್ಯದ ಸಂತೆಯ ಬಗ್ಗೆ ಬರೆದಳು. ಎರಡು ವರ್ಷಕ್ಕೆ ನಾನೂರ ಹನ್ನೆರಡು ಲೇಖನಗಳಾದವು. ಒಂದೊಂದರ ‘ಇತಿಹಾಸ’ದಲ್ಲೂ, ಬರೆದವರ ಜಾಗದಲ್ಲಿ, ಅವಳ ಹೆಸರಿತ್ತು. ಆ ಮನೆಯಲ್ಲಿ ಅವಳು ಸೊಸೆ, ಅಮ್ಮಣಿ, ‘ಏಯ್’. ವಿಶ್ವಕೋಶದಲ್ಲಿ ಮಾತ್ರ ದ್ರಾಕ್ಷಾಯಣಿ.

2008ರ ಫೆಬ್ರವರಿಯಲ್ಲಿ, ಶಿವಮೊಗ್ಗದ ಶ್ರೀಹರ್ಷ ಎಂಬ ಹಿರಿಯ ಸಂಪಾದಕ ಅವಳನ್ನು ವಿಶ್ವಕೋಶದ ಮೇಲ್ವಿಚಾರಣೆ ನೋಡುವ ನಿರ್ವಾಹಕಿಯನ್ನಾಗಿ ಮಾಡಬೇಕೆಂದು ಸೂಚಿಸಿದ. ಅವಳು ಅವನ ಮುಖ ಕಂಡವಳಲ್ಲ. ಏಳು ದಿನ ಮತದಾನ. ನಾಲ್ಕನೆಯ ದಿನಕ್ಕೆ ಪರವಾಗಿ ಹದಿಮೂರು ಜನ, ವಿರೋಧ ಒಬ್ಬರೂ ಇಲ್ಲ. ಅವಳು ದಿನಕ್ಕೆ ಹತ್ತು ಸಲ ಆ ಪುಟ ತೆರೆದು ನೋಡುತ್ತಿದ್ದಳು. ಇಷ್ಟು ಆಸೆಯಿಂದ ಅವಳು ಇನ್ನಾವುದನ್ನೂ ಬಯಸಿರಲಿಲ್ಲ, ಮದುವೆಯನ್ನೂ.

ದಿವಾಕರನಿಗೆ ಇದು ಬೇರೆ ರೀತಿ ಕಾಣುತ್ತಿತ್ತು. ಹೆಂಡತಿ ದಿನಾ ಒಬ್ಬ ಗಂಡಸಿನ ಓಲೆ ಓದುತ್ತಾಳೆ, ಅದು ತನಗೆ ಓದಲು ಬರುವುದಿಲ್ಲ. ಸಂಜೆ ಟೀ ಹಿಡಿದು ಅವಳ ಕುರ್ಚಿಯ ಹಿಂದೆ ಕೂತು ಗಟ್ಟಿಯಾಗಿ ಓದಿಸುತ್ತಿದ್ದ. ಅತ್ತೆ ತಂಗಮ್ಮ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು.

“‘ದ್ರಾಕ್ಷಾಯಣಿಯವರೇ, ಕಾಂಗೇಯಂ ತಳಿಯ ಕರುಗಳು ಹುಟ್ಟುವಾಗ ಕೆಂಪಗಿದ್ದು ಆಮೇಲೆ ಬೂದು ಬಣ್ಣಕ್ಕೆ ತಿರುಗುತ್ತವೆ ಎಂದು ಬರೆದಿದ್ದೀರಿ. ಆಧಾರ ಕೊಡಿ.’” ಶ್ರೀಹರ್ಷ ಬರೆದದ್ದನ್ನು ಅವಳು ಓದಿದಳು.

“ಕರು ಬಣ್ಣಕ್ಕೆ ಆಧಾರವಾ?” ಎಂದಳು ತಂಗಮ್ಮ. “ನಾ ತಾನೇ ಹೇಳಿದ್ದು. ಹಟ್ಟಿಗೆ ಬಂದು ನೋಡಕ್ಕೆ ಹೇಳು ಅವನ್ಗೆ.”

“ಬರ್ತಾನೆ ಬರ್ತಾನೆ, ಅದಕ್ಕೇ ಕಾಯ್ತಾವನೆ,” ಎಂದ ದಿವಾಕರ್. ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. “ಇಲ್ಲಿ ಐದು ಸಾಲು ಐತೆ. ನೀ ಓದಿದ್ದು ಮೂರು. ಮಿಚ್ಚ ಎರಡು ಎಲ್ಲಿ ನುಂಗ್ದೆ, ಟೀಚರಮ್ಮ?”

“ಅದು ಅವರ ಹೆಸರು, ತಾರೀಕು ರೀ.”

“ಹೆಸರನ್ನೂ ಓದು. ನಿನ್ನ ಬಾಯಲ್ಲಿ ಹೆಂಗಿರ್ತದೆ ಕೇಳಾನ.”

ಅವಳು ಓದಿದಳು. ಅವನು ಇನ್ನೊಂದು ಸಲ ಓದಿಸಿದ.

ಆ ವಾರವೇ ಗಿರಣಿಗೆ ಹೊಸ ಫಿಲ್ಟರ್ ಯಂತ್ರ ಕೂರಿಸಲು ಹಾಸನದ ಕಡೆಯ ಮಹೇಶ ಎಂಬ ಇಂಜಿನಿಯರ್ ಬಂದಿದ್ದ. ದಿವಾಕರ್ ಅವನನ್ನು ಊಟಕ್ಕೆ ಕರೆದು, ಕೈ ತೊಳೆಯುವ ಮುಂಚೆಯೇ ಕಂಪ್ಯೂಟರಿನ ಮುಂದೆ ಕೂರಿಸಿದ. “ಸಾರ್, ಒಂದು ಸಣ್ಣ ಉದವಿ. ಇದರಲ್ಲಿ ಏನು ಬರೆದೈತೆ, ಮರೆ ಇಲ್ಲದೆ ಓದಿ ಹೇಳಿ.”

ಮಹೇಶ ಅರ್ಧ ಗಂಟೆ ಓದಿದ. “ಬರೀ ಊರು, ದನ, ಹೊಳೆ ಸರ್. ಬೇರೇನೂ ಇಲ್ಲ.” ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಒಳ್ಳೆಯ ಮನಸ್ಸಿನವನು, ಹಿಗ್ಗಿಬಿಟ್ಟ. “ಏನ್ ಮೇಡಂ, ಇಷ್ಟೆಲ್ಲ ನೀವೇ ಬರೆದಿದ್ದಾ? ಸರ್, ನಿಮ್ಮ ಮನೆಯವರನ್ನ ಇದಕ್ಕೆ ದೊಡ್ಡ ಅಧಿಕಾರಿ ಮಾಡ್ತಾರಂತೆ! ಇಲ್ಲಿ ನೋಡಿ, ತಮ್ಮ ಪರಿಚಯ ಎಷ್ಟು ಚೆನ್ನಾಗಿ ಬರ್ಕೊಂಡಿದ್ದಾರೆ: ‘ನಾನು ದ್ರಾಕ್ಷಾಯಣಿ. ಕಾಂಗೇಯಂನಲ್ಲಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ.’”

ದಿವಾಕರ್ ನಕ್ಕ. ಮಹೇಶನಿಗೆ ಇನ್ನೊಂದು ಸೌಟು ರಸ ಬಡಿಸಿದ. ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಹೆಂಡತಿಯ ಎದುರು ನಿಂತ.

“ಲೋಕ ಪೂರಾ ನನ್ನ ಕೈನಾಟ್ಟು ಅಂತ ಬರೆದು ಒಟ್ಟಿದ್ದೀಯ. ಹೆಬ್ಬೆಟ್ಟು ಒತ್ತೋವ್ನಾ ನಾನು? ಬಿ.ಕಾಂ. ಪಡಿಚ್ಚವನು.”

“ಕನ್ನಡ ಅಕ್ಷರ ಅಂತ ಬರೆದಿದ್ದೀನಿ ರೀ, ಬೇರೆ ಏನೂ ಇಲ್ಲ. ಬೇಡ ಅಂದ್ರೆ ತೆಗೀತೀನಿ.”

“ಯಾಕೆ ತೆಗೀಬೇಕು? ಇರ್ಲಿ ಬಿಡು.”

ಮತದಾನದ ಆರನೆಯ ದಿನ ದ್ರಾಕ್ಷಾಯಣಿ ಅತ್ತೆಯ ಜೊತೆ ಮೆಟ್ಟುಪಾಳ್ಯಕ್ಕೆ ಒಂದು ಮದುವೆಗೆ ಹೋಗಬೇಕಾಯಿತು. ಸಂಜೆ ಮರಳಿ, ಸೀರೆಯನ್ನೂ ಬದಲಿಸದೆ ಕಂಪ್ಯೂಟರ್ ಹಾಕಿದಳು. ಅವಳ ಚರ್ಚಾಪುಟದಲ್ಲಿ ಶ್ರೀಹರ್ಷನ ಮೂರು ಸಂದೇಶಗಳಿದ್ದವು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ: ‘ದ್ರಾಕ್ಷಾಯಣಿಯವರೇ, ಏನಾಯಿತು?’ ಹತ್ತೂ ಐವತ್ತಕ್ಕೆ: ‘ದಯವಿಟ್ಟು ನಿಲ್ಲಿಸಿ.’ ಹನ್ನೊಂದೂವರೆಗೆ: ‘ನಿಮ್ಮ ಖಾತೆಯನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ.’

ತನ್ನ ಕೊಡುಗೆಗಳ ಪಟ್ಟಿ ತೆರೆದಳು. ತೊಂಬತ್ತೊಂದು ಲೇಖನಗಳನ್ನು ಅವಳೇ ಖಾಲಿ ಮಾಡಿದ್ದಳು. ಹತ್ತು ಗಂಟೆಗೆ ಅಮರಾವತಿ ಹೊಳೆ. ಹತ್ತೂ ಒಂದಕ್ಕೆ ಮಡತ್ತುಕುಳಂ. ಹತ್ತೂ ಎರಡಕ್ಕೆ ಕಾಂಗೇಯಂ ತಳಿ. ಆ ಹೊತ್ತಿನಲ್ಲಿ ಅವಳು ಮೆಟ್ಟುಪಾಳ್ಯದಲ್ಲಿ ಹೆಣ್ಣಿನ ಕಡೆಯವರ ಕೈಯಿಂದ ಕುಂಕುಮ ತಗೊಳ್ಳುತ್ತಿದ್ದಳು.

“ಹೌದು, ನಾನೇ,” ಎಂದ ದಿವಾಕರ್, ಕೇಳುವ ಮೊದಲೇ. “ಎರಡು ವರ್ಷ ನಿನ್ನ ಬೆನ್ನ ಹಿಂದೆ ಕೂತು ನೋಡಿದ್ದೀನಲ್ಲ. ನಿನ್ನ ಖಾತೆ ತೆರೆದೇ ಇತ್ತು. ಮೇಲೆ ಇದನ್ನ ಒತ್ತಬೇಕು, ಎಲ್ಲಾ ಕಪ್ಪು ಮಾಡಬೇಕು, ಅಳಿಸಬೇಕು, ಕೆಳಗೆ ಎಡಗಡೇದು ಒತ್ತಬೇಕು. ಒಂದು ಎಳುತ್ತೂ ಓದಬೇಕಾಗಿಲ್ಲ. ಕೈನಾಟ್ಟಿಗೂ ಬರ್ತದೆ.”

ತಂಗಮ್ಮ ಮಲ್ಲಿಗೆ ಬಿಚ್ಚಿ ಬಾಳೆಲೆಯಲ್ಲಿ ಸುತ್ತುತ್ತಿದ್ದಳು. ತಲೆಯೆತ್ತಲಿಲ್ಲ. “ಅಳ್ಬೇಡ ಅಮ್ಮಣಿ. ಗಂಡ ಅಳಿಸಿದ್ದು ಪುಸ್ತಕ ತಾನೇ. ಕುಂಕುಮ ಅಲ್ವಲ್ಲ.”

ತಡೆಹಿಡಿದವರಿಗೂ ತಮ್ಮ ಚರ್ಚಾಪುಟದಲ್ಲಿ ಬರೆಯಲು ಅವಕಾಶವಿತ್ತು. ದ್ರಾಕ್ಷಾಯಣಿ ಬರೆದಳು: ‘ಅಳಿಸಿದ್ದು ನಾನಲ್ಲ. ನನ್ನ ಗಂಡ. ನಾನು ಊರಲ್ಲಿರಲಿಲ್ಲ.’

ಶ್ರೀಹರ್ಷ ಸಭ್ಯ ಮನುಷ್ಯ. ಮರುದಿನವೇ ಉತ್ತರಿಸಿದ. ‘ನಿಮ್ಮ ಮಾತನ್ನು ನಂಬಬೇಕೆಂಬ ಆಸೆ ನನಗೂ ಇದೆ. ಆದರೆ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವರು ನೀವೊಬ್ಬರೇ ಎಂದು ನಿಮ್ಮ ಪರಿಚಯದಲ್ಲಿ ನೀವೇ ಬರೆದಿದ್ದೀರಿ. ಓದಲು ಬಾರದವರು ನಿಮ್ಮ ಲೇಖನಗಳನ್ನೇ ಹುಡುಕಿ ಹುಡುಕಿ ಹೇಗೆ ಅಳಿಸಿದರು? ಮತದಾನ ರದ್ದಾಗಿದೆ. ಆರು ತಿಂಗಳ ನಂತರ ಮೇಲ್ಮನವಿ ಸಲ್ಲಿಸಬಹುದು. ಇದುವರೆಗಿನ ಕೊಡುಗೆಗಳಿಗೆ ಧನ್ಯವಾದ.’

ಅವಳು ಮಹೇಶನಿಗೆ ಫೋನು ಮಾಡಿದಳು. ಗಂಡ ತನ್ನ ಪುಟಗಳನ್ನು ಓದಿಸಿ ಕೇಳಿದ್ದನೆಂದು ಒಂದು ಸಾಕ್ಷಿ ಮಾತು ಬರೆದರೆ ಸಾಕು ಎಂದಳು. “ಮೇಡಂ, ಸರ್ ಇನ್ನೂ ಎರಡು ಯಂತ್ರಕ್ಕೆ ಆರ್ಡರ್ ಕೊಟ್ಟಿದ್ದಾರೆ. ನಿಮ್ಮ ಮನೆ ವಿಷಯದಲ್ಲಿ ನಾನು... ತಪ್ಪು ತಿಳ್ಕೋಬೇಡಿ.” ಅವಳು ತಪ್ಪು ತಿಳಿದುಕೊಳ್ಳಲಿಲ್ಲ.

ಲೇಖನಗಳೇನೋ ಅಂದೇ ಮರಳಿ ಬಂದಿದ್ದವು. ಶ್ರೀಹರ್ಷ ತೊಂಬತ್ತೊಂದನ್ನೂ ಒಂದೊಂದಾಗಿ ಮೊದಲಿನಂತೆ ಮಾಡಿದ್ದ. ಅದನ್ನು ಕೇಳಿ ದಿವಾಕರನ ಮುಖ ಇಳಿಯಿತು.

“ಹಂಗಾದ್ರೆ ಹೋಗಿದ್ದೇನು?”

“ನನ್ನ ಹೆಸರು.”

“ಪೇರು ತಾನೇ,” ಎಂದು ಅವನು ಸಮಾಧಾನಪಟ್ಟುಕೊಂಡ.

ಎರಡು ತಿಂಗಳಾದ ಮೇಲೆ ಸಮುದಾಯದ ಸಂಘದ ಹಿರಿಯ ವೆಲ್ಲಿಂಗಿರಿ ಕೊಯಮತ್ತೂರಿನಿಂದ ಬಂದರು. ದ್ರಾಕ್ಷಾಯಣಿ ಕಾಫಿ ಕೊಡುತ್ತಿದ್ದಾಗ ಅವರು ದಿವಾಕರನ ಬೆನ್ನು ತಟ್ಟಿದರು. “ನಮ್ಮ ಊರುಗಳ ವಿಷಯ ಎಲ್ಲಾ ಕಂಪ್ಯೂಟರಲ್ಲಿ ಕನ್ನಡದಲ್ಲಿ ಬರ್ತೈತಂತೆ. ಈ ಮನೆಯಿಂದ ಬರೀತಾರಂತೆ. ಯಾರು ತಂಬಿ ಅದು?”

“ನಾನ್ ತಾನುಂಗ,” ಎಂದ ದಿವಾಕರ್. “ನಾನೇ ಬರೆಯೋದು.”

ದ್ರಾಕ್ಷಾಯಣಿ ಬರಿದಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನದಿಂದ ವಿಶ್ವಕೋಶದಲ್ಲಿ ‘ದಿವಾಕರ್ ಕಾಂಗೇಯಂ’ ಎಂಬ ಹೊಸ ಸಂಪಾದಕ ಬರೆಯತೊಡಗಿದ. ಬರೆಯುವ ಬೆರಳು ಅವಳದು. ಬೇಡವೆನ್ನಲು ಅವಳಿಗೆ ಆಗಲಿಲ್ಲ; ಉಡುಮಲೈ ಸುತ್ತಿನ ಕನ್ನಡದ ಹಳ್ಳಿಗಳ ಪಟ್ಟಿ ಅರ್ಧಕ್ಕೆ ನಿಂತಿತ್ತು, ಅದು ಕೈ ಹಿಡಿದು ಎಳೆಯುತ್ತಿತ್ತು. ಶ್ರೀಹರ್ಷ ಹೊಸಬನನ್ನು ಸ್ವಾಗತಿಸಿದ. ಒಂದು ತಿಂಗಳಿಗೆ ‘ನಿಮ್ಮಂಥವರು ಅಪರೂಪ’ ಎಂದ.

ಸಂಘದ ಸಭೆಯಲ್ಲಿ ಎರಡು ಸಾಲು ಕನ್ನಡ ಓದಬೇಕೆಂದು ವೆಲ್ಲಿಂಗಿರಿ ಹೇಳಿಕಳಿಸಿದ್ದರು. ದಿವಾಕರನಿಗೆ ಅಕ್ಷರ ಕಲಿಯಲೇಬೇಕಾಯಿತು. ಅವಳು ಸ್ಲೇಟು ತರಿಸಿ ಅ, ಆ ಎಂದು ಮೊದಲಿನಿಂದ ತಿದ್ದಿಸಿದಳು. ಚುರುಕು ಬುದ್ಧಿ, ಬೇಗ ಹಿಡಿದ. ಒಂದು ದಿನ ಎಣ್ಣೆ ಡಬ್ಬಕ್ಕೆ ಸುತ್ತಿದ್ದ ಮೈಸೂರಿನ ಹಳೆಯ ಪತ್ರಿಕೆಯಲ್ಲಿ ‘ತೆಂಗು’ ಎಂದು ತಾನೇ ಓದಿ ಮಗುವಿನಂತೆ ನಕ್ಕ. ಅವಳೂ ನಕ್ಕಳು. ಅವಳು ಮೇಷ್ಟರ ಮಗಳು, ಓದು ಬಂದರೆ ಮನುಷ್ಯ ಮೆತ್ತಗಾಗುತ್ತಾನೆ ಎಂದು ನಂಬಿ ಬೆಳೆದವಳು. ಆಗಸ್ಟಿನಲ್ಲಿ ಆರು ತಿಂಗಳು ತುಂಬಿತು. ಅವನಿಗೆ ಹೇಳದೆ ಮೇಲ್ಮನವಿ ಹಾಕಿದಳು. ಹೆಸರು ಮರಳಿದರೆ ಅರ್ಧ ಉಳಿದ ಪಟ್ಟಿಯನ್ನು ತನ್ನ ಹೆಸರಿನಲ್ಲೇ ಮುಗಿಸಬಹುದು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಉತ್ತರ ಬಂತು. ಬಂದದ್ದು ಅವಳ ಪುಟಕ್ಕಲ್ಲ, ‘ದಿವಾಕರ್ ಕಾಂಗೇಯಂ’ ಪುಟಕ್ಕೆ. ಅವಳು ಮೌಸ್ ಹಿಡಿಯುವಷ್ಟರಲ್ಲಿ ದಿವಾಕರ್ ಕುರ್ಚಿ ಎಳೆದು ಪಕ್ಕಕ್ಕೆ ಬಂದು ಕೂತಿದ್ದ.

“ನೀ ಓದ್ಬೇಡ. ನಾನೇ ಓದ್ತೀನಿ.” ಪರದೆಯ ಮೇಲೆ ಬೆರಳು ಓಡಿಸುತ್ತ ಓದಿದ. “ದಿ-ವಾ-ಕರ್ ಅವ-ರೇ. ನಿಮ್ಮ ಊರಿ-ನ-ವರೇ ಆದ... ಇದೇನು? ಒತ್ತಕ್ಷರ.”

“ದ್ರಾಕ್ಷಾಯಣಿ.”

“ಓ. ನೀನು.” ಮುಂದೆ ಓದಿದ. ಅದಕ್ಕೆ ಹತ್ತು ನಿಮಿಷ ಹಿಡಿಯಿತು. ದ್ರಾಕ್ಷಾಯಣಿ ಎಂಬವರು ಖಾತೆ ಮರಳಿ ಕೊಡಿ ಎಂದು ಕೇಳಿದ್ದಾರೆ, ಅಳಿಸಿದ್ದು ಮನೆಯವರು ಎನ್ನುತ್ತಾರೆ. ತಾವು ಅದೇ ಊರಿನವರು, ನಂಬಿಕಸ್ಥರು. ವಿಚಾರಿಸಿ ಒಂದು ಮಾತು ತಿಳಿಸಿದರೆ ಅದರಂತೆ ತೀರ್ಮಾನಿಸುತ್ತೇವೆ.

ಹೊರಗೆ ಕಳದಲ್ಲಿ ಹೆಂಗಸರು ಕಾಯಿ ಒಡೆಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ದಿವಾಕರ್ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡ.

“ನಾನೇ ಬರೀತೀನಿ. ನೀ ಕೀ ಮಟ್ಟುಂ ಹೇಳು. ದೊಡ್ಡ ಆ?”

“ಶಿಫ್ಟ್ ಹಿಡಿದು ಎ.”

‘ಆ ಹೆಸರಿನವರು’ ಎಂದು ಮೂಡಿತು. ಆಮೇಲೆ ‘ನಮ್ಮ’. ಅವಳು ಪರದೆಯತ್ತ ಬಾಗಿದಳು. ನಮ್ಮ ಮನೆಯವರೇ ಎಂದು ಬರೆಯಬಹುದು.

“ದೊಡ್ಡ ಊ ಹೆಂಗೆ?”

“ಶಿಫ್ಟ್ ಹಿಡಿದು ಯು.”

‘ಆ ಹೆಸರಿನವರು ನಮ್ಮ ಊರಲ್ಲಿ’. ಬೆರಳು ನಿಂತಿತು.

“ಯಾ?”

ಅವಳಿಗೆ ಅರ್ಥವಾಯಿತು. ಅವನು ಮುಖ ತಿರುಗಿಸಿ ನೋಡಿದ, ತಾಳ್ಮೆಯಿಂದ, ಉತ್ತರ ಬರುತ್ತದೆಂಬ ಖಾತ್ರಿಯಿಂದ.

“ವೈ,” ಎಂದಳು. “ಆಮೇಲೆ ಶಿಫ್ಟ್ ಎ.”

ಉಳಿದದ್ದು ಅವನಿಗೆ ಗೊತ್ತಿತ್ತು. ‘ಆ ಹೆಸರಿನವರು ನಮ್ಮ ಊರಲ್ಲಿ ಯಾರೂ ಇಲ್ಲ’. ತಾನೇ ಬರೆದ ಮೊದಲ ಸಾಲನ್ನು ಅವನು ಸ್ವಲ್ಪ ಹೊತ್ತು ನೋಡಿದ.

“ತಪ್ಪು ಏನಾದ್ರೂ ಐತಾ, ಟೀಚರಮ್ಮ?”

ದ್ರಾಕ್ಷಾಯಣಿ ಮೊದಲಿನಿಂದ ಓದಿದಳು.

“ಇಲ್ಲ,” ಎಂದಳು. “ಕೊನೆಗೊಂದು ಚುಕ್ಕಿ ಇಡಿ.”