ಬಾಗಿಲಾಚೆಯ ದನಿ

ನರ್ಸಿಂಗ್ ತರಗತಿಯಲ್ಲಿ ಮೇಜಿಗೆ ನಾಲ್ವರಂತೆ ಕೂರಿಸಿ ಪಾಠ ಮಾಡುವುದು ರೂಢಿ. ಕಿಟಕಿಯ ಪಕ್ಕದ ಮೇಜಿನಲ್ಲಿ ಊರಿನ ಮೂವರು ಹುಡುಗಿಯರು, ಜೊತೆಗೆ ಹೊರಗಿನಿಂದ ಬಂದ ಒಬ್ಬಳು. ಬರೆಯುವಾಗಲೂ ಪಾಠವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ ಅವಳಿಗೆ ‘ಗುಣಗುಣಿ’ ಎಂದು ಹೆಸರಿಟ್ಟಿದ್ದರು.

ಅಂದಿನ ಕಿರುಪರೀಕ್ಷೆಯಲ್ಲಿ ಆ ಮೇಜಿನ ನಾಲ್ಕೂ ಉತ್ತರಗಳು ಅಕ್ಷರಶಃ ಒಂದೇ ಆಗಿದ್ದವು.

“ಯಾರು ಯಾರದ್ದನ್ನ ನೋಡಿ ಬರೆದ್ರಿ?” ಮೇಡಂ ಕೇಳಿದರು.

“ಅವಳ ಕಣ್ಣು ಯಾವಾಗ್ಲೂ ನಮ್ಮ ಹಾಳೆ ಮೇಲೇ ಮೇಡಂ,” ಎಂದಳು ಮೂವರಲ್ಲಿ ಜೋರಿನವಳು. “ಅವರ ಕಡೆಯೋರಿಗೆ ಅದು ತಪ್ಪು ಅಂತಾನೇ ಅನ್ಸಲ್ವಂತೆ.”

“ಇಲ್ಲ ಮೇಡಂ, ನಂಗೆ ಎಲ್ಲಾ ಬಾಯಿಪಾಠ ಇದೆ,” ಎಂದಳು ಗುಣಗುಣಿ. “ನಮ್ಮಜ್ಜಿ ಕಲಿಸಿದ್ದು ಹಾಗೆ. ಹೇಳ್ಕೊಳ್ದೆ ಬರೆಯೋಕೇ ಬರಲ್ಲ.”

ಗೊಣಗಿಕೊಳ್ಳದೆ ಬರೆಯಲೂ ಬಾರದವಳು ಇಷ್ಟು ಚೆನ್ನಾಗಿ ಬರೆದಾಳೇ ಎಂದುಕೊಂಡ ಮೇಡಂ, ಅವಳ ಹೆಸರನ್ನೇ ಪ್ರಾಂಶುಪಾಲರಿಗೆ ಬರೆದು ಕಳಿಸಿದರು. ಕಾಪಿ ಹೊಡೆದವರಿಗೆ ಆ ವಿಷಯದಲ್ಲಿ ಸೊನ್ನೆ; ಸೊನ್ನೆ ಬಿತ್ತೆಂದರೆ ಆಸ್ಪತ್ರೆಯ ವಾರ್ಡಿಗೆ ತರಬೇತಿಗೆ ಹೋಗುವಂತಿಲ್ಲ. ಒಂದು ವರ್ಷ ಮಣ್ಣುಪಾಲಾದಂತೆಯೇ.

ಮಧ್ಯಾಹ್ನ ಗಾಯ ಶುಚಿಮಾಡುವ ಅಭ್ಯಾಸ. ಗುಣಗುಣಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಜೋರಿನವಳ ಕೈ ರಬ್ಬರ್ ತೋಳಿನ ಮೇಲೆ ಸರಾಗವಾಗಿ ಓಡುತ್ತಿತ್ತು. ಮೇಡಂಗೆ ಮೆಚ್ಚುಗೆಯಾಯಿತು. ಆಮೇಲೆ ಕೇಳಿಸಿತು: ಹೊರಗೆ, ದೇವರ ಮುಂದೆ ಹೇಳಿಕೊಳ್ಳುವಷ್ಟು ಸಣ್ಣ ದನಿಯಲ್ಲಿ, “ಹತ್ತಿ ಅದ್ದು... ಒಳಗಿಂದ ಹೊರಕ್ಕೆ ಒರೆಸು... ಒರೆಸಿದ್ದನ್ನ ಎಸೆ...” ದನಿ ಮುಂದೆ, ಅದರ ಬೆನ್ನಿಗೇ ಕೈ.

ಮೇಡಂ ಎದ್ದು ಹೋಗಿ ಬಾಗಿಲು ಹಾಕಿದರು. ಒಳಗೆ ಕೈ ನಿಂತುಹೋಯಿತು.

“ಮುಂದೆ?” ಎಂದರು. ಜೋರಿನವಳು ಒರೆಸಿದ್ದ ಹತ್ತಿಯನ್ನೇ ಮತ್ತೆ ಅದ್ದಹೋದಳು; ಉಳಿದಿಬ್ಬರೂ ತಡೆಯಲಿಲ್ಲ.

ಮೇಡಂ ಹೋಗಿ ಹೇಳಿದ್ದೆಲ್ಲವನ್ನೂ ಪ್ರಾಂಶುಪಾಲರು ತಾಳ್ಮೆಯಿಂದಲೇ ಕೇಳಿಸಿಕೊಂಡರು. “ಸೊನ್ನೆ ಹಾಕಿ ಬೋರ್ಡಿಗೆ ಕಳಿಸಿ ಆಯ್ತು. ಈಗ ಆ ಮೂವರನ್ನ ಮುಟ್ಟಿದ್ರೆ ಮೂರು ಮನೆಯವರೂ ಬಂದು ಇಲ್ಲೇ ಕೂರ್ತಾರೆ. ಇವಳ ಕಡೆ ಯಾರಿದ್ದಾರೆ ಹೇಳಿ?”

“ನಾನು ಬಂದಿದ್ದೀನಲ್ಲ ಸರ್.”

“ಬರೆದು ಕಳಿಸಿದವರೂ ನೀವೇ ಅಲ್ವಾ ಮೇಡಂ?”

ಮೇಡಂ ತರಗತಿಗೆ ಮರಳಿ, ಗುಣಗುಣಿಯನ್ನು ಒಳಗೆ ಕರೆದರು. “ಇವಳು ಕಾಪಿ ಹೊಡೆದಿಲ್ಲ. ಇವಳು ಹೇಳಿಕೊಂಡಿದ್ದನ್ನ ಈ ಮೂವರು ಕೇಳಿಸ್ಕೊಂಡು ಬರೆದಿದ್ದಾರೆ. ವಿಚಾರಿಸದೆ ಇವಳ ಮೇಲೆ ಹಾಕಿದ ತಪ್ಪು ನನ್ನದು,” ಎಂದು ಎಲ್ಲರೆದುರು ಹೇಳಿದರು. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ ಎಂಬುದನ್ನೂ ಹೇಳಬೇಕಾಯಿತು.

ಗುಣಗುಣಿ ತಲೆಯಾಡಿಸಿದಳು. “ಇವತ್ತೊಂದಿನ ಒಳಗೇ ಕೂತ್ಕೋಬಹುದಾ ಮೇಡಂ?”

ಅವಳ ಮೇಜಿನಲ್ಲಿ ಯಾರೂ ಸರಿದು ಜಾಗ ಮಾಡಲಿಲ್ಲ. ಮೇಡಂ ತಮ್ಮ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟು, ಸಂಜೆಯವರೆಗೂ ನಿಂತೇ ಪಾಠ ಮಾಡಿದರು.