ಗೋಡೆ ಪಕ್ಕದ ಬೆಂಚು

“ಹಿಂದಕ್ಕೆ ಹೋಗ್ರೀ, ಗೋಡೆ ಪಕ್ಕಕ್ಕೆ. ಈ ಮುಖ ನೋಡಿ ಯಾರಾದ್ರೂ ವಿದ್ಯಾರ್ಥಿನಿ ಅಂತಾರಾ? ತಲೇಲಿ ಬಿಳಿಕೂದಲು ಇಣುಕ್ತಿದೆ. ಮುಚ್ಕೊಳ್ರೀ!”

ವಿಜ್ಞಾನ ವಿಭಾಗದ ಮುಖ್ಯಸ್ಥರು ಬೆರಳಲ್ಲೇ ದಾರಿ ತೋರಿಸಿದರು. ಅವಳು ಹೋಗಿ ಕೂತಳು. ಪಕ್ಕದಲ್ಲಿ ಅವಳ ಹಾಗೆಯೇ ಅತಿಥಿ ಉಪನ್ಯಾಸಕನಾದ ಗಣಿತದವನು, ಮುಂದಿನ ಸಾಲಿನಲ್ಲಿ ಇನ್ನೂ ನಾಲ್ವರು ಅತಿಥಿ ಉಪನ್ಯಾಸಕರು. ಇವತ್ತು ಕಾಲೇಜು ನೋಡಲು ಬರುವ ಪರಿಶೀಲನಾ ಸಮಿತಿಯವರು ತಲೆ ಎಣಿಸುತ್ತಾರೆ. ರಜೆ ಹತ್ತಿರ ಬಂದಿದ್ದರಿಂದ ಹುಡುಗರು ಅರ್ಧಕ್ಕರ್ಧ ಇಲ್ಲ. ಬೆಂಚು ತುಂಬಬೇಕು.

“ನನ್ಮಗ, ನಮ್ಮನ್ನ ಗೋಣಿಚೀಲ ಜೋಡಿಸಿದ ಹಾಗೆ ಜೋಡಿಸ್ತಾನೆ ನೋಡಿ ಅಕ್ಕ,” ಎಂದ ಗಣಿತದವನು ಹಲ್ಲು ಕಚ್ಚಿ.

ನಿನ್ನೆ ಮುಖ್ಯಸ್ಥರು ಆರೂ ಜನರಿಂದ ರುಜು ಹಾಕಿಸಿಕೊಂಡಿದ್ದರು: ನನ್ನ ಕೆಲಸ ಇಂದಿಗೆ ಮುಗಿಯಿತು. ಇವತ್ತೊಂದು ದಿನ ಬಿಟ್ಟು ನಾಳೆ ಹೊಸ ಆದೇಶ. ನಡುವೆ ಒಂದು ದಿನ ಕಡಿದುಹೋದರೆ ಸೇವೆ ಎಂದಿಗೂ ಕೂಡಿಕೊಳ್ಳುವುದಿಲ್ಲ, ಖಾಯಂ ಮಾಡಿ ಎಂದು ಕೇಳುವ ಹಕ್ಕು ಹುಟ್ಟುವುದಿಲ್ಲ. ಪ್ರತಿ ಅವಧಿಗೂ ಹೀಗೆಯೇ. ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ತಡೆದಿದ್ದರು.

“ಇವತ್ತು ಕೆಲಸ ಇಲ್ಲ ಅಂದಿದ್ದೆಯಲ್ಲೇ. ಮತ್ತೆಲ್ಲಿಗೆ ಹೊರಟೆ?”

“ಸುಮ್ನೆ ಕೂತು ಬರೋಕೆ, ಅತ್ತೆ.”

ಅತ್ತೆ, ಮಗಳು, ತಾನು: ಮೂರು ಹೊಟ್ಟೆ ನಾಳೆಯ ಆ ಹಾಳೆಯನ್ನೇ ನೆಚ್ಚಿಕೊಂಡಿದ್ದವು. ಇನ್ನೂ ರುಜು ಬೀಳದ ಆರು ಆದೇಶಗಳನ್ನು ಮುಖ್ಯಸ್ಥರು ಬೇಕೆಂದೇ ಮೇಜಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿದ್ದರು.

ಸಮಿತಿಯ ಹಿರಿಯರೊಬ್ಬರು ಬೋಧಕರ ಹೆಸರು, ಫೋಟೋ ಇರುವ ಪಟ್ಟಿ ಹಿಡಿದು ಬಂದು ಕೂತರು. ಮುಖ್ಯಸ್ಥರು ಪಾಠ ಶುರುಮಾಡಿದರು. ಬೇರಿನ ನೀರು ಮರದ ತುದಿಯ ಎಲೆಗೆ ಏರುವುದು ಹೇಗೆ? ಹೋದ ವಾರ ಅವಳಿಂದಲೇ ಬರೆಸಿಕೊಂಡಿದ್ದ ಟಿಪ್ಪಣಿ. ಪಾಠ ಮಾಡಿ ಬಹಳ ವರ್ಷವಾಗಿದ್ದವರು ಹಾಳೆಯಿಂದ ಕಣ್ಣೆತ್ತದೆ ಓದುತ್ತಾ ಹೋದರು.

“ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಆಗ ಕೆಳಗೇನಾಗುತ್ತದೆ? ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರು. ಹಿಂದಿನ ಬೆಂಚಿನವರೂ ಯೋಚಿಸಲಿ.”

ಅವಳು ತನಗಾಗಿ ಅಂಚಿನಲ್ಲಿ ಗೀಚಿಕೊಂಡಿದ್ದ ಮಾತು ಅದು. ಒಬ್ಬ ಹುಡುಗಿ ಕಿಸಕ್ಕೆಂದಳು. ಮುಖ್ಯಸ್ಥರ ಕಿವಿ ಕೆಂಪಾಯಿತು. ಹಿರಿಯರಿಗೆ ಮಾತ್ರ ಖುಷಿಯಾಯಿತು.

“ಭೇಷ್! ಹಿಂದಿನ ಬೆಂಚು ಏನು ಯೋಚಿಸಿತು, ಕೇಳೋಣ. ನೀನಮ್ಮ, ಗೋಡೆ ಪಕ್ಕದವಳು. ಏಳು. ಯಾವ ವರ್ಷ?”

ಅವಳು ಎದ್ದಳು. ಬೆಂಚಿಗೂ ಡೆಸ್ಕಿಗೂ ನಡುವೆ ಮಂಡಿ ಸಿಕ್ಕಿಕೊಂಡು ನೆಟ್ಟಗೆ ನಿಲ್ಲಲಾಗಲಿಲ್ಲ. ಮುಖ್ಯಸ್ಥರ ಅಂಗೈ ಮೆಲ್ಲಗೆ ಹೋಗಿ ಆ ಆರು ಹಾಳೆಗಳ ಮೇಲೆ ಕೂತಿತು.

“ಕೊನೇ ವರ್ಷ ಅಂದ್ಬಿಡಿ ಅಕ್ಕ,” ಗಣಿತದವನು ಪಿಸುಗುಟ್ಟಿದ.

“ಹನ್ನೊಂದನೇ ವರ್ಷ, ಸಾರ್,” ಎಂದಳು. “ಓದ್ತಿಲ್ಲ. ಪಾಠ ಮಾಡ್ತಿದೀನಿ. ಅವರ ಕೈಲಿರೋದು ನಾನು ಬರೆದಿದ್ದು.”

ಹಿರಿಯರು ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು.

“ಇದರಲ್ಲಿ ನೀವು ಇಲ್ವಲ್ಲ?”

“ಇವತ್ತೊಂದು ದಿನ ಇಲ್ಲ ಸಾರ್. ಇಲ್ದೇ ಇರೋರನ್ನ ಇಲ್ಲಿ ಕೂರಿಸಿದಾರೆ.”

ಹಿರಿಯರು ಪೆನ್ನಿಗೆ ಮುಚ್ಚಳ ಹಾಕಿದರು. “ನಾನು ಪ್ರಶ್ನೆ ಕೇಳಿದ್ದು ವಿದ್ಯಾರ್ಥಿಗಳನ್ನ. ಕೂತ್ಕೊಳ್ಳಿ. ಪಾಠ ಮುಂದುವರೀಲಿ.”

“ಕೇಳಿಸ್ಲಿಲ್ವೇನ್ರೀ? ಕೂತ್ಕೊಂಡು ಸಾಯಿರಿ!” ಎಂದು ಮುಖ್ಯಸ್ಥರು ಗದರಿದರು.

ಅಂಗೈ ಕೆಳಗಿನಿಂದ ಅವಳ ಹೆಸರಿದ್ದ ಹಾಳೆ ಎಳೆದು, ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿದರು. ಆಮೇಲೆ ಟಿಪ್ಪಣಿಯಲ್ಲಿ ಬಿಟ್ಟ ಸಾಲು ಹುಡುಕಿ ಗಟ್ಟಿ ದನಿಯಲ್ಲಿ ಓದತೊಡಗಿದರು.

ಅವಳು ಕೂರಲಿಲ್ಲ. ಗೋಡೆಗೆ ಒಂದು ಕೈ ಊರಿಕೊಂಡು, ಅದೇ ಸಾಲನ್ನು ಹಾಳೆಯಿಲ್ಲದೆ ಹೇಳತೊಡಗಿದಳು.

ಎರಡು ದನಿ ಒಂದೇ ಪಾಠ ಹೇಳುತ್ತಿದ್ದವು. ಹುಡುಗರ ಪೆನ್ನುಗಳು ಹಾಳೆಯ ಮೇಲೆ ನಿಂತೇ ಇದ್ದವು.